ಪುನುವಾನ ಒಳಗಡಲು

ಮೊತುರಾ ದ್ವೀಪದ ರಾಜಮರ್ಯಾದೆಗೆ ಸಂಬಂಧಪಟ್ಟ ಗಹನವಾದ ಪ್ರಶ್ನೆಯೊಂದು ಆ ದಿನ ಬೆಳ್ಳಂಬೆಳಗ್ಗೆಯೇ ಎದ್ದು ಕೂತಿತ್ತು: ತೀರಿಕೊಂಡ ಅರಸು ಪುನುವಾನ ಎಡಗಾಲು ಬೂಟಿನೊಳಗೆ ಹೋಗಲೊಲ್ಲದು.

ಬಲಗಾಲು ಹೋಗಿತ್ತು ಎಂದಲ್ಲ. ಬಲಗಾಲಿನ ವಿಷಯವನ್ನು ಉಪದೇಶಿ ಎಸೆಕಿಯ ಅಷ್ಟು ಹೊತ್ತಿಗಾಗಲೇ ದೇವರಿಗೆ ಬಿಟ್ಟಿದ್ದ. ಈಗ ಎಡ ಮೊಣಕಾಲನ್ನು ಅವುಚಿ ಹಿಡಿದು ಕೂತಿದ್ದ. ಮೀನುಗಾರರ ಹಿರಿಯ ವೈತಾ ಬೂಟನ್ನು ಎರಡೂ ಕೈಯಲ್ಲಿ ಹಿಡಿದು, ದೋಣಿಯನ್ನು ನೀರಿಗೆ ನೂಕುವವನ ಹಾಗೆ ಭುಜ ಕೊಟ್ಟು ನೂಕುತ್ತಿದ್ದ. ಕೇದಗೆ ಚಾಪೆಯ ಮೇಲೆ ಮಲಗಿದ್ದ ಪುನುವಾ, ನೂಕಿದಾಗಲೆಲ್ಲ ಗೇಣಷ್ಟು ಹಿಂದಕ್ಕೆ ಸರಿಯುತ್ತಿದ್ದ. ಬದುಕಿದ್ದಾಗಲೂ ಬಲವಂತ ಮಾಡಿದವರ ಜತೆ ಅವನು ಜಗಳಕ್ಕೆ ನಿಂತವನಲ್ಲ. ಹೀಗೇ ಸ್ವಲ್ಪ ಸರಿದುಬಿಡುತ್ತಿದ್ದ.

"ಇನ್ನೊಂಚೂರು ಕೊಬ್ಬರಿ ಎಣ್ಣೆ ಹಾಕೋಣ್ವಾ?" ಎಂದ ಎಸೆಕಿಯ.

"ಆಗ್ಲೇ ಅರ್ಧ ಕರಟ ಸುರಿದಾಯ್ತಲ್ಲ ಉಪದೇಶಿಗಳೇ. ಇನ್ನೂ ಹಾಕಿದ್ರೆ ಅರಸು ಜಾರ್ಕೊಂಡು ನಮಗಿಂತ ಮೊದಲೇ ಗುಂಡಿ ಸೇರ್ತಾರೆ."

"ಸತ್ತವರ ಎದುರಿಗೆ ಹಾಗೆಲ್ಲ ಅನ್ಬಾರ್ದು, ವೈತಾ."

"ನಾನಂದಿದ್ದು ಅವರಿಗೆ ಕೇಳಿದ್ರೆ ನಗ್ತಿದ್ರು. ನೀವು ಹಿಡ್ಕೊಳ್ಳಿ, ಬಿಡ್ಬೇಡಿ."

ಬೂಟು ಮದುವೆಯ ಉಡುಗೊರೆ. ಯಾವುದೋ ಹಡಗಿನ ಕಪ್ತಾನ ತನ್ನ ಕಾಲಿನಿಂದಲೇ ಬಿಚ್ಚಿ ಕೊಟ್ಟದ್ದು. ಆ ಕಪ್ತಾನನ ಪಾದ ಬಾಳೆಮೂತಿಯ ಹಾಗೆ ಕಿರಿದಾಗಿದ್ದಿರಬೇಕು. ಪುನುವಾನದು ಹುಟ್ಟಿದಂದಿನಿಂದ ಹವಳದ ಕಲ್ಲು ತುಳಿದು ದೋಣಿಯ ಹುಟ್ಟಿನ ಹಲಗೆಯ ಹಾಗೆ ಹರಡಿಕೊಂಡ ಪಾದ. ಐದು ಬೆರಳು ಐದು ದಿಕ್ಕಿಗೆ. ನಲವತ್ತು ವರ್ಷ ಆ ಬೂಟು ರಾಣಿಯ ಪೆಟ್ಟಿಗೆಯಲ್ಲಿತ್ತು. ವರ್ಷಕ್ಕೊಮ್ಮೆ ಬಿಸಿಲು ಕಂಡು, ಎಣ್ಣೆ ಕುಡಿದು, ಒಳಗೆ ಹೋಗುತ್ತಿತ್ತು.

"ಆಯ್ತಾ?" ಎಂದು ಚಾಪೆಯ ಪರದೆಯಾಚೆಯಿಂದ ರಾಣಿ ತೆತುವಾ ಕೇಳಿದಳು.

"ಆಗ್ತಾ ಇದೆ ತಾಯೀ," ಎಂದ ಎಸೆಕಿಯ. ಅವನು ಪ್ರಾರ್ಥನೆಯ ಮನೆಯೊಳಗೆ ಎಂದೂ ಸುಳ್ಳು ಹೇಳಿದವನಲ್ಲ.

ಅಷ್ಟರಲ್ಲಿ ಪುನುವಾನ ಅಕ್ಕ ಹಿನರೌ ಒಳಗೆ ಬಂದಳು. ಮದುವೆಯ ದಿಬ್ಬಣದ ದೋಣಿಯಲ್ಲಿ ತಮ್ಮನ ಜತೆ ಕೌರೆ ದ್ವೀಪದಿಂದ ಬಂದವಳು. ಒಂದು ತಿಂಗಳಿದ್ದು ಹೋಗುತ್ತೇನೆ ಎಂದಿದ್ದಳು. ಈಗ ಬಾಯಲ್ಲಿ ನಾಲ್ಕು ಹಲ್ಲು, ನಾಲ್ಕೂ ಚೂಪು.

"ಬಿಡ್ರೋ ಅವನ್ನ," ಎಂದಳು. "ಬದುಕಿದ್ದಾಗ ಹಾಕ್ಕೊಳ್ದೋನು ಸತ್ತಮೇಲೆ ಹಾಕ್ಕೋತಾನಾ? ಪಕ್ಕದಲ್ಲಿಡಿ. ಮೇಲೆ ಹೋದ್ಮೇಲೆ ಅಗತ್ಯ ಬಿದ್ರೆ ನಿಮ್ಮ ದೇವದೂತರೇ ಹಾಕ್ಲಿ, ಅವರಿಗೆ ಕೆಲಸ ಏನಿದೆ?"

ಎಸೆಕಿಯ ಮನಸ್ಸಿನಲ್ಲೇ ಧರ್ಮಗ್ರಂಥವನ್ನೆಲ್ಲ ಒಮ್ಮೆ ತಿರುವಿ ನೋಡಿದ. ಬೂಟನ್ನು ಪಕ್ಕದಲ್ಲಿಡಬಾರದು ಎಂದು ಎಲ್ಲೂ ಕಾಣಲಿಲ್ಲ. ಪಕ್ಕದಲ್ಲಿಟ್ಟರು.

ಆಗಲೇ ದಡದ ಕಡೆಯಿಂದ ಒಂದು ಕೂಗು ಎದ್ದಿತು. ಎದ್ದದ್ದು ಅರ್ಧಕ್ಕೇ ನಿಂತಿತು, ಕೂಗಿದವನ ಬಾಯಿಯನ್ನು ಯಾರೋ ಅಂಗೈಯಿಂದ ಮುಚ್ಚಿದ ಹಾಗೆ. ಆ ಅರ್ಧ ಕೂಗು ವೈತಾನಿಗೆ ಸಾಕಾಯಿತು. ಅವನು ಎಣ್ಣೆ ಬಳಿದ ಕೈಗಳನ್ನು ತೊಡೆಗೆ ಒರೆಸಿಕೊಂಡು ತಲೆ ತಗ್ಗಿಸಿದ.

"ಅತುರೆ," ಎಂದ, ಬೈಗುಳ ಆಡುವವನಷ್ಟು ಮೆಲ್ಲಗೆ.

ಅತುರೆ ಮೀನಿನ ಹಿಂಡು ವರ್ಷಕ್ಕೊಂದು ಸಲ ಹವಳದ ಏರಿಯ ಕಂಡಿ ದಾಟಿ ಒಳಗಡಲಿಗೆ ನುಗ್ಗುತ್ತದೆ. ಕೆಲವು ದಿನ ನಿಂತು, ಕರೆದವರು ಯಾರು, ಕಳಿಸಿದವರು ಯಾರು ಎಂದು ಹೇಳದೆ ಹೊರಟುಹೋಗುತ್ತದೆ. ಬೇರೆ ವರ್ಷವಾಗಿದ್ದರೆ ಅದು ಹಬ್ಬ. ಈ ವರ್ಷ ಅದೇ ಊಟ. ಹಿಂದಿನ ಚಂಡಮಾರುತಕ್ಕೆ ದೀವಿಹಲಸಿನ ಮರಗಳು ಬುಡಸಮೇತ ಮಲಗಿದ್ದವು. ನೆಲದ ಗುಂಡಿಗಳಲ್ಲಿ ಹುಳಿಹಿಡಿಸಿ ಹುಗಿದಿಟ್ಟ ಹಲಸಿನ ಮುದ್ದೆಗೆ ಊರವರು ದಿನಾ ಕೈಹಾಕಿ, ಈಗ ಗುಂಡಿಯ ತಳ ಬೆರಳಿಗೆ ತಾಗುತ್ತಿತ್ತು.

ಪರದೆ ಸರಿಸಿ ರಾಣಿ ಹೊರಗೆ ಬಂದಳು. ದೊಡ್ಡ ಆಳಿನ ಹೆಂಗಸು. ಮೈತುಂಬ ಕಪ್ಪು ಅಂಗಿ, ಅದರ ಮೇಲೆ ತೊಗಟೆಬಟ್ಟೆಯ ಹೊದಿಕೆ. ಬೂಟು ಕಾಲಲ್ಲಿಲ್ಲದ್ದನ್ನು ನೋಡಿಯೂ ನೋಡದಂತೆ ದಾಟಿ ಬಂದಳು. ಅವಳ ಮನಸ್ಸು ಬೇರೆ ಕಡೆ ಇತ್ತು.

"ಅತ್ತಿಗೆ, ಕೋಲು ಸಿದ್ಧವಾಗಿದೆ."

"ಯಾವ ಕೋಲು?"

"ನಿಮಗೆ ಗೊತ್ತು."

"ನನಗೆ ಗೊತ್ತಿರೋದು ಬೆನ್ನು ಕೆರ್ಕೊಳ್ಳೋ ಕೋಲೊಂದೇ."

ಹಿನರೌಗೆ ಚೆನ್ನಾಗಿ ಗೊತ್ತಿತ್ತು. ಅರಸುಮನೆತನದವರು ಸತ್ತರೆ ಅವರ ರಕ್ತಸಂಬಂಧಿಯೊಬ್ಬರು ತೆಂಗಿನ ಗರಿಯ ಗಂಟು ಕಟ್ಟಿದ ಕೋಲನ್ನು ದಡದ ನೀರಿನಲ್ಲಿ ನೆಡಬೇಕು. ನೆಟ್ಟ ಗಳಿಗೆಯಿಂದ ಒಳಗಡಲು ಮುಚ್ಚಿತು. ವರ್ಷ ತಿರುಗುವವರೆಗೆ ಬಲೆ ಇಲ್ಲ, ಗಾಳ ಇಲ್ಲ, ಒಂದು ಚಿಪ್ಪನ್ನೂ ಹೆಕ್ಕುವ ಹಾಗಿಲ್ಲ. ಪುನುವಾನ ರಕ್ತ ಎಂದು ಈ ದ್ವೀಪದಲ್ಲಿ ಇದ್ದದ್ದು ಅವಳೊಬ್ಬಳೇ. ಅವನಿಗೂ ತೆತುವಾಗೂ ಮಕ್ಕಳು ನಿಂತಿರಲಿಲ್ಲ.

"ನಮ್ಮಪ್ಪ ಹೋದಾಗ ಮುಚ್ಚಿದ್ರು," ಎಂದಳು ರಾಣಿ. "ನಮ್ಮ ಚಿಕ್ಕಪ್ಪ ಕುಡಿದು ಮರದಿಂದ ಬಿದ್ದು ಸತ್ತ, ಅವನಿಗೂ ಮುಚ್ಚಿದ್ರು. ಇವರಿಗೆ ಮುಚ್ಚದೆ ಇದ್ರೆ ಏನರ್ಥ?"

"ಊರಿಗೆ ಹಸಿವಾಗಿದೆ ಅಂತರ್ಥ."

"ಅಲ್ಲ. ಇವರು ಯಾರೂ ಅಲ್ಲ ಅಂತರ್ಥ. ನಲವತ್ತು ವರ್ಷ ಇವರನ್ನ ಅರಸು ಅಂತ ಎಷ್ಟು ಜನ ಕರೆದ್ರು, ಹೇಳಿ? ರಾಣಿಯ ಗಂಡ, ರಾಣಿಯ ಗಂಡ. ನನ್ನ ಕೊಡೆಗೆ ಕೂಡ ಇವರಿಗಿಂತ ಹೆಚ್ಚು ಮರ್ಯಾದೆ ಇತ್ತು ಈ ಊರಲ್ಲಿ. ಒಂದು ವರ್ಷ, ಒಂದೇ ಒಂದು ವರ್ಷ, ಇವರಿಗೋಸ್ಕರ ಈ ಊರು ಬಾಯಿ ಕಟ್ಟಲಿ."

"ಬಾಯಿ ಕಟ್ಟೋದು ಬೇರೆ, ಹೊಟ್ಟೆ ಕಟ್ಟೋದು ಬೇರೆ. ನಾನು ನೆಡೋದಿಲ್ಲ, ತೆತುವಾ. ನನ್ನ ತಮ್ಮನ ಹೆಸರಲ್ಲಿ ಕೂಸುಗಳು ಅಳೋದು ನಂಗೆ ಬೇಡ."

"ಹಾಗಾದ್ರೆ ನಾನೇ ನೆಡ್ತೀನಿ."

"ನೀನು ಅವನ ರಕ್ತ ಅಲ್ಲ."

"ನಾನು ಈ ನೆಲದ ರಾಣಿ."

"ದೊರೆಸಾನಿಯವ್ರೇ," ಎಂದಳು ಹಿನರೌ, ನೆಲಕ್ಕೆ ಕೈಯೂರಿ ಕೂರುತ್ತ, "ನೆಲಕ್ಕೆ ರಾಣಿ ನೀನು. ಮೀನಿರೋದು ನೀರಲ್ಲಿ."

ವೈತಾ ಮತ್ತು ಎಸೆಕಿಯ ಗೋಡೆಯ ಹೆಣಿಗೆಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತ ನಿಂತಿದ್ದರು.

"ಗುಂಡಿ ಮುಚ್ಚಿದ ಮೇಲೆ ನೆಡ್ತೀನಿ," ಎಂದಳು ರಾಣಿ. "ತಡೆಯೋರು ಬಂದು ತಡೀಲಿ."

*

ಕೌರೆ ಎಂಬುದು ವಂಶಾವಳಿ ಉದ್ದ, ನೆಲ ಗಿಡ್ಡ ಇರುವ ದ್ವೀಪ. ಪುನುವಾನ ಪೂರ್ವಜರ ಹೆಸರನ್ನು ಹೇಳಿ ಮುಗಿಸುವಷ್ಟರಲ್ಲಿ ಇಡೀ ದ್ವೀಪವನ್ನು ಎರಡು ಸುತ್ತು ಸುತ್ತಿ ಬರಬಹುದಿತ್ತು. ಹಿರಿಮನೆತನದ ಗಂಡು ಬೇಕು ಎಂದು ಮೊತುರಾದ ಹಿರಿಯರು ಹುಡುಕಿದಾಗ ಸಿಕ್ಕಿದವನು ಅವನು. ಅವನಿಗೂ ಬೇರೆ ಹೇಳಿಕೊಳ್ಳುವ ಕೆಲಸವಿರಲಿಲ್ಲ.

ಆ ಕಾಲದಲ್ಲಿ ದೊಡ್ಡ ಅರಸುಮನೆತನದವರು ನೆಲಕ್ಕೆ ಕಾಲಿಡುತ್ತಿರಲಿಲ್ಲ. ಕಾಲಿಟ್ಟ ನೆಲ ಅವರದಾಗಿಬಿಡುತ್ತಿತ್ತು. ಆದ್ದರಿಂದ ಎಲ್ಲಿಗೆ ಹೋಗುವುದಿದ್ದರೂ ಆಳುಗಳ ಹೆಗಲ ಮೇಲೆ. ಅದರಲ್ಲಿ ಮರ್ಯಾದೆ ಎಷ್ಟಿತ್ತೋ, ಜಮೀನಿರುವವರ ಎಚ್ಚರಿಕೆಯೂ ಅಷ್ಟೇ ಇತ್ತು. ಮೊತುರಾದ ದಡದಲ್ಲೂ ಮದುಮಗನಿಗಾಗಿ ಗಟ್ಟಿ ಹೆಗಲಿನವರು ಹೂಮಾಲೆ ಹಾಕಿಕೊಂಡು ಕಾಯುತ್ತಿದ್ದರು.

ದಿಬ್ಬಣದ ದೋಣಿ ಮರಳಿಗೆ ಸಿಕ್ಕಿಕೊಂಡಿತು. ಹುಟ್ಟು ಹಾಕುವವರು ಬಳಲಿದ್ದರು. ಪುನುವಾ ಹಿಂದೆಮುಂದೆ ನೋಡದೆ ಧುಮುಕಿ, ದೋಣಿಯ ಮೂತಿಗೆ ಭುಜ ಕೊಟ್ಟು, ದಡಕ್ಕೆ ಎಳೆದು ತಂದು, "ಹ್ಞಾ," ಎಂದು ಸೊಂಟಕ್ಕೆ ಕೈಯಿಟ್ಟು ನಿಂತ. ನಿಂತದ್ದು ಮೇರೆ ಎಂಬ ವಿಧವೆಯ ಮರಳಿನ ಮೇಲೆ.

ದಡದ ಮೇಲೆ ಕೊಂಬು ಊದುವವನು ಊದುವುದನ್ನು ನಿಲ್ಲಿಸಿದ.

"ಅಯ್ಯೋ, ನನ್ನ ಮರಳು ಹೋಯ್ತಲ್ಲಪ್ಪಾ!" ಎಂದು ಮೇರೆ ಎದೆ ಬಡಿದುಕೊಂಡಳು. ಅವಳಿಗಿದ್ದದ್ದು ಅದೊಂದೇ: ಆ ಮರಳು, ಅದರಂಚಿನ ತೆಂಗು, ದೋಣಿ ಕಟ್ಟುವವರು ಕೊಡುವ ಮೀನು.

ಹಿರಿಯರು ಮದುವೆಯನ್ನು ನಿಲ್ಲಿಸಿ ಪಂಚಾಯಿತಿ ಕೂತರು. ಮರಳನ್ನು ಹಿಂದಕ್ಕೆ ಕೊಡಿಸೋಣವೆಂದರೆ ಅರಸನ ಪಾದ ಪಡೆದದ್ದನ್ನು ಮರಳಿಸುವ ಪದ್ಧತಿ ಇಲ್ಲ. ಬೇರೆ ಮರಳು ಕೊಡೋಣವೆಂದರೆ ಅದಕ್ಕೂ ಒಬ್ಬ ಯಜಮಾನ. ಬಿಸಿಲೇರಿತು. ಹೂಮಾಲೆ ಬಾಡಿತು. ಪುನುವಾ ಮಾತ್ರ ನಿಂತ ಜಾಗದಿಂದ ಕದಲಿರಲಿಲ್ಲ. ಕದಲಿದರೆ ಇನ್ನೂ ಯಾರದ್ದೆಲ್ಲ ಹೋಗುತ್ತದೋ ಎಂಬ ಹೆದರಿಕೆ.

ಕೊನೆಗೆ ಅವನೇ ಮೇರೆಯನ್ನು ಕರೆದ. "ಅಮ್ಮಾ, ನಿಂಗೆ ಗಂಡುಮಕ್ಕಳಿದ್ದಾರಾ?"

"ಇದ್ದಿದ್ರೆ ನಿನ್ನ ಕಾಲು ಮುರೀತಿದ್ರು."

"ಹಾಗಾದ್ರೆ ನಾನೇ ನಿನ್ನ ಮಗ ಅನ್ಕೋ. ಮಗನ ಮರಳಲ್ಲಿ ಅಮ್ಮ ಕೂತು ಉಂಡ್ರೆ ಯಾರು ಕೇಳ್ತಾರೆ?"

ದತ್ತು ಕೊಡುವುದು, ತೆಗೆದುಕೊಳ್ಳುವುದು ಅಲ್ಲಿ ದಿನನಿತ್ಯದ ಮಾತು. ಆದರೆ ಮದುವೆಗೆ ಬಂದ ಗಂಡು ದಡದಲ್ಲೇ ತಾಯಿಯನ್ನು ಮಾಡಿಕೊಂಡದ್ದು ಹೊಸದು. ಮೇರೆ ಅವನನ್ನು ಮೇಲಿಂದ ಕೆಳಗೆ ನೋಡಿ, "ಬಹಳ ತಿನ್ನೋನ ಥರ ಕಾಣ್ತೀಯ," ಎಂದು ಒಪ್ಪಿದಳು.

ಅಂದಿನಿಂದ ಅವನು ನೀರಿನಲ್ಲಿ ನಡೆಯತೊಡಗಿದ. ನೀರು ಯಾರ ಜಮೀನೂ ಅಲ್ಲ. ಹೆಗಲ ಮೇಲೆ ಕೂರು ಎಂದರೆ, "ಆ ಹೆಗಲುಗಳಿಗೆ ಬೇರೆ ಕೆಲಸ ಇದೆ," ಎನ್ನುತ್ತಿದ್ದ. ಪ್ರಾರ್ಥನೆಗೆ, ಮದುವೆಗೆ, ಸಾವಿಗೆ, ದ್ವೀಪದ ಆಚೆ ತುದಿಯ ಹಳ್ಳಿಗೆ, ಎಲ್ಲದಕ್ಕೂ ಒಳಗಡಲಿನ ಅಂಚು ಹಿಡಿದು ಮೊಣಕಾಲುದ್ದ ನೀರಿನಲ್ಲಿ ಪಚಪಚ ಎಂದು ಹೊರಡುತ್ತಿದ್ದ. ಮುಂದೆ ಪಾದ್ರಿಗಳು ಬಂದು ಕಾಯಿದೆ ಬದಲಾಗಿ, ಯಾರ ಪಾದ ಎಲ್ಲಿ ಬಿದ್ದರೂ ನೆಲ ನೆಲದವನದೇ ಎಂದಾಯಿತು. ಅಷ್ಟು ಹೊತ್ತಿಗೆ ಅವನಿಗೆ ಒಣ ನೆಲದ ಅಭ್ಯಾಸ ತಪ್ಪಿಹೋಗಿತ್ತು.

ಜಗಳ ಬಿಡಿಸಿಕೊಳ್ಳಲು ಜನ ದಡದಲ್ಲಿ ಅವನನ್ನು ಕಾಯುತ್ತಿದ್ದರು. ಅವನು ನೀರಿನಲ್ಲಿ, ವಾದಿ ಪ್ರತಿವಾದಿಗಳು ಮರಳಿನಲ್ಲಿ. ಉಬ್ಬರ ಅವನ ಸೊಂಟಕ್ಕೆ ಬರುವುದರೊಳಗೆ ಎಲ್ಲರೂ ಹೇಳಿ ಮುಗಿಸಬೇಕು. ಮೊತುರಾದಲ್ಲಿ ಅಷ್ಟು ಚುರುಕಾದ ನ್ಯಾಯಸ್ಥಾನ ಹಿಂದೆ ಇರಲಿಲ್ಲ, ಮುಂದೆಯೂ ಬರಲಿಲ್ಲ.

*

ಉಪದೇಶಿ ಎಸೆಕಿಯ ಪ್ರಸಂಗಕ್ಕೆ ಧರ್ಮಗ್ರಂಥದ ಪ್ರವಾದಿ ಯೋನನ ಕತೆಯನ್ನು ಆರಿಸಿಕೊಂಡಿದ್ದ. ಭಾನುವಾರದ ಪ್ರಾರ್ಥನೆಗೆಂದು ಹಿಂದಿನ ವಾರವೇ ಸಿದ್ಧ ಮಾಡಿಟ್ಟದ್ದು. ದೊಡ್ಡ ಮೀನು ಎಂಬ ಮಾತು ಬಂದ ಕೂಡಲೇ ಮರದ ಕೆಳಗಿದ್ದ ಸಭೆಯಲ್ಲಿ ಒಂದು ಸಂಚಲನವಾಯಿತು, ಮತ್ತು ತಾನು ಆರಿಸಿದ್ದು ಸರಿಯಿಲ್ಲವೆಂದು ಅವನಿಗೆ ಹೊಳೆಯಿತು. ಆದರೆ ಯೋನ ಆಗಲೇ ಆ ಮೀನಿನ ಹೊಟ್ಟೆಯೊಳಗಿದ್ದ. ಅಲ್ಲೇ ಬಿಟ್ಟು ಪ್ರಾರ್ಥನೆಗೆ ಹೋಗುವಂತಿರಲಿಲ್ಲ.

ತೆಂಗಿನ ಸಾಲಿನ ನಡುವಿನಿಂದ ಒಳಗಡಲು ಕಾಣುತ್ತಿತ್ತು. ಎಂದಿನ ತಿಳಿಹಸಿರಿನ ಮಧ್ಯೆ ಮೋಡದ ನೆರಳು ಬಿದ್ದಂತೆ ಒಂದು ಕಪ್ಪು. ಆಕಾಶದಲ್ಲಿ ಮೋಡವಿರಲಿಲ್ಲ. ಆ ನೆರಳು ಅಗಲವಾಗುತ್ತಿತ್ತು, ಉದ್ದವಾಗುತ್ತಿತ್ತು, ಒಮ್ಮೊಮ್ಮೆ ಅಂಚಿನಲ್ಲಿ ಬೆಳ್ಳಿ ಚೆಲ್ಲಿದ ಹಾಗೆ ಮಿನುಗುತ್ತಿತ್ತು.

"ಮುಂದೆ ನೋಡು," ಎಂದು ವೈತಾನ ಹೆಂಡತಿ ಪೌರಾ ಗಂಡನ ಪಕ್ಕೆಗೆ ತಿವಿದಳು.

"ಮುಂದೇನೇ ನೋಡ್ತಿದ್ದೀನಿ."

"ನಿನ್ನ ಮೂಗು ಮುಂದಿದೆ, ಕಣ್ಣು ನೀರಲ್ಲಿದೆ. ಸತ್ತವರ ಮನೇಲಿ ನಾಚಿಕೆ ಇಲ್ವಾ?"

"ನೀನು ನೋಡ್ತಿಲ್ವಾ?"

"ನಾನು ಅಳ್ತಿದ್ದೀನಿ. ಅಳುವಾಗ ಮುಖ ಯಾವ ಕಡೆ ತಿರುಗತ್ತೆ ಅಂತ ಯಾರಿಗೆ ಗೊತ್ತಾಗತ್ತೆ?"

ಸ್ವಲ್ಪ ಹೊತ್ತು ಬಿಟ್ಟು ಅವಳೇ ಮತ್ತೆ ಕೇಳಿದಳು. "ನಿಜವಾಗ್ಲೂ ಕೋಲು ನೆಡ್ತಾರಂತಾ?"

"ನೆಡ್ತಾರೆ."

"ಹಿನರೌ ಅಜ್ಜಿ ಒಪ್ಪಲಿಲ್ವಂತೆ. ರಕ್ತ ಅಲ್ದೋರು ನೆಟ್ಟ ಕೋಲಿಗೆ ಬೆಲೆ ಇಲ್ಲ. ನೀವೆಲ್ಲ ಸೇರಿ ಆಗಲ್ಲ ಅಂದ್ಬಿಡಿ."

"ಅಂದ್ಬಿಡಬಹುದು," ಎಂದ ವೈತಾ. ತಾನೂ ತಮ್ಮನೂ ಒಂದು ದೋಣಿಗಾಗಿ ಕೊಡಲಿ ಹಿಡಿದು ನಿಂತ ದಿನ, ನೀರಿನಲ್ಲಿ ನಿಂತಿದ್ದ ಅರಸು, "ಇವತ್ತು ಉಬ್ಬರ ಜೋರಿದೆ, ನಂಗೆ ಈಜೂ ಸಾಕಾಗಿದೆ, ಬೇಗ ಒಬ್ಬರನ್ನೊಬ್ಬರು ಕೊಂದು ಮುಗಿಸ್ರಪ್ಪ," ಎಂದದ್ದು ಅವನಿಗೆ ನೆನಪಾಗುತ್ತಿತ್ತು. ಆ ತಮ್ಮ ಈಗ ಪಕ್ಕದ ಸಾಲಿನಲ್ಲೇ ಕೂತಿದ್ದ. ವೈತಾ ಅವನತ್ತ ಬಾಗಿ ಕಿವಿಯಲ್ಲಿ ಏನೋ ಅಂದ. ತಮ್ಮ ತನ್ನ ಪಕ್ಕದವನಿಗೆ ಅಂದ. ಮಾತು ಸಾಲಿನಿಂದ ಸಾಲಿಗೆ ದಾಟಿತು. ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದ ರಾಣಿ ಅದನ್ನು ಕಂಡಳು. ತನ್ನ ವಿರುದ್ಧ ಗುಂಪು ಕಟ್ಟುತ್ತಿದ್ದಾರೆ ಎಂದುಕೊಂಡು ಅವಳ ಗದ್ದ ಇನ್ನಷ್ಟು ಮೇಲೇರಿತು.

ಎಸೆಕಿಯ ಯೋನನನ್ನು ಅವಸರದಲ್ಲಿ ದಡಕ್ಕೆ ಉಗುಳಿಸಿ, ಆಮೆನ್ ಎಂದ.

*

ಗುಂಡಿಗೆ ಮಣ್ಣು ಬೀಳುತ್ತಿದ್ದಾಗ ತೆತುವಾ ನೆನೆದದ್ದು ಟೋಪಿಯನ್ನು.

ಮದುವೆಯಾಗಿ ಹತ್ತಾರು ವರ್ಷದ ಮೇಲೆ ಒಂದು ಯುದ್ಧನೌಕೆ ಬಂದಿತ್ತು. ಅದರ ಕಪ್ತಾನನಿಗೆ ರಾಣಿಯ ಮನೆಯಲ್ಲಿ ಔತಣ. ಬಾಗಿಲಲ್ಲಿ ಸ್ವಾಗತಕ್ಕೆಂದು ಪುನುವಾ ನಿಂತಿದ್ದ, ಸೊಂಟದಿಂದ ಕೆಳಗೆ ಒದ್ದೆ, ಎಂದಿನಂತೆ ನೀರಿನಿಂದಲೇ ಬಂದಿದ್ದ. ಕಪ್ತಾನ ಅವನನ್ನು ನೋಡಿದ, ಬರಿಗಾಲು ನೋಡಿದ, ಗರಿ ಸಿಕ್ಕಿಸಿದ ತನ್ನ ಟೋಪಿಯನ್ನು ತೆಗೆದು ಅವನ ಕೈಗಿತ್ತು, ಹಿಡಿದುಕೊಂಡಿರು ಎಂಬಂತೆ ತಲೆಯಾಡಿಸಿ ಒಳಗೆ ಹೋದ.

ಪುನುವಾ ಟೋಪಿಯನ್ನು ತಿರುಗಿಸಿ ಮುರುಗಿಸಿ ನೋಡಿ, ತಲೆಗೆ ಹಾಕಿಕೊಂಡು ಹೊರಟುಹೋದ. ಸೂಪು ಮುಗಿಯುವ ಹೊತ್ತಿಗೆ ತಿರುಗಿ ಬಂದ. ಜತೆಯಲ್ಲಿ ಹಂದಿಯಿತ್ತು. ಸಣ್ಣದಲ್ಲ. ಕಿವಿಗೆ ಹೂ ಸಿಕ್ಕಿಸಿ, ಎಣ್ಣೆ ಸವರಿದ್ದ ಆ ಹಂದಿಯನ್ನು ಕಪ್ತಾನನ ಕುರ್ಚಿಯ ಕಾಲಿಗೆ ಕಟ್ಟಿಸಿದ. ಕೊಟ್ಟವರಿಗೆ ಮರಳಿ ಕೊಡದೆ ಇರುವುದು ಮೊತುರಾದಲ್ಲಿ ಮರ್ಯಾದೆಯಲ್ಲ, ಮತ್ತು ಕೊಟ್ಟದ್ದಕ್ಕಿಂತ ದೊಡ್ಡದನ್ನೇ ಕೊಡಬೇಕು. ಅದು ಎಲ್ಲರಿಗೂ ಗೊತ್ತಿದ್ದದ್ದು, ಕಪ್ತಾನನೊಬ್ಬನಿಗೆ ಬಿಟ್ಟು. ಹಂದಿ ಒಮ್ಮೆ ಜಗ್ಗಿತು. ಕಪ್ತಾನ ಕುರ್ಚಿಸಮೇತ ಮಾರು ದೂರ ಹೋದ.

ಹಡಗಿನವರು ನಕ್ಕರು. ಕಿಟಕಿಯಲ್ಲಿ ಇಣುಕುತ್ತಿದ್ದ ಊರವರು ಅವರಿಗಿಂತ ಜೋರಾಗಿ ನಕ್ಕರು. ಕಪ್ತಾನ ಬರಿತಲೆಯಲ್ಲಿ ಬಿಸಿಲಿಗೆ ಹೊರಟ. ಹಂದಿಯೂ ದೋಣಿ ಹತ್ತಿತು. ಆಳಿಗೆ ಕೊಟ್ಟ ಟೋಪಿಯನ್ನು ಉಡುಗೊರೆ ಎಂದು ತಿಳಿದ ಪೆದ್ದ ಗಂಡನ ಕತೆ ಅಕ್ಕಪಕ್ಕದ ದ್ವೀಪಗಳಿಗೆಲ್ಲ ಹೋಯಿತು.

"ಅವನು ನಿಮ್ಮನ್ನ ಆಳು ಅಂದ್ಕೊಂಡ," ಎಂದಿದ್ದಳು ತೆತುವಾ, ಮರುದಿನ ಬೆಳಗ್ಗೆ.

"ಗೊತ್ತು."

"ಗೊತ್ತಿದ್ದೂ?"

"ನೋಡು, ಕೈಯಲ್ಲಿ ಹಿಡ್ಕೊಂಡು ನಿಂತಿದ್ರೆ ಆಳಾಗ್ತಿದ್ದೆ. ತಲೆ ಮೇಲಿಟ್ಟು ಹಂದಿ ಕೊಟ್ಟೆ, ಅರಸನಾದೆ." ಅವನು ಟೋಪಿಯ ಗರಿಯನ್ನು ಕಿತ್ತು ಕಿವಿ ಕೆರೆದುಕೊಳ್ಳುತ್ತಿದ್ದ.

"ಇದನ್ನ ಊರಿಗೆ ಹೇಳಿ. ಎಲ್ಲರೂ ನಗ್ತಿದ್ದಾರೆ."

"ನಗ್ಲಿ ಬಿಡು. ಹೇಳಿದ್ರೆ ಆ ಕಪ್ತಾನನಿಗೂ ಗೊತ್ತಾಗತ್ತೆ. ಪಾಪ, ಹಂದಿ ತಿಂದು ಖುಷಿಯಾಗಿದ್ದಾನೆ."

ಅವನು ಹೇಳಲಿಲ್ಲ, ಅವನ ಮಾತಿಗೆ ಕಟ್ಟುಬಿದ್ದು ಅವಳೂ ಹೇಳಲಿಲ್ಲ. ಆದರೆ ಕಿಟಕಿಯಲ್ಲಿ ಕಂಡ ಆ ಹಲ್ಲುಗಳನ್ನು ಅವಳು ಮರೆಯಲಿಲ್ಲ.

*

ಗುಂಡಿ ಮುಚ್ಚಿತು. ಜನ ಒಬ್ಬೊಬ್ಬರಾಗಿ ಎದ್ದು ದಡದ ಕಡೆ ಇಳಿದುಹೋದರು. ರಾಣಿಗೆ ಮಂಡಿನೋವು; ಅವಳ ಕುರ್ಚಿಯನ್ನು ಈಗಲೂ ನಾಲ್ಕು ಜನ ಹೊರುತ್ತಿದ್ದರು. ತೊಡೆಯ ಮೇಲೆ ಕೋಲು, ಕೋಲಿನ ತುದಿಗೆ ಗರಿಯ ಗಂಟು. ಹಿನರೌ ಪಕ್ಕದಲ್ಲಿ ಗೊಣಗುತ್ತ ಕುಂಟುತ್ತ ಬಂದಳು.

"ಬೇಗ ಹೋಗಿ," ಎಂದಳು ರಾಣಿ ಹೊರುವವರಿಗೆ. "ಬಲೆ ಇಳಿಸಿಬಿಟ್ಟಿದ್ದಾರೇನೋ. ಹಾಗೇನಾದರೂ ಮಾಡಿದ್ರೆ..."

ಮಾಡಿದರೆ ಏನು ಎಂದು ಅವಳಿಗೂ ತಿಳಿಯದು. ತೆಂಗಿನ ಸಾಲು ದಾಟಿ ಕುರ್ಚಿ ಮರಳಿಗೆ ಬಂತು. ಹೊರುವವರು ನಿಂತುಬಿಟ್ಟರು.

ಊರಿಗೆ ಊರೇ ನೀರಿನಂಚಿನಲ್ಲಿ ಸಾಲಾಗಿ ನಿಂತಿತ್ತು. ಬಲೆ ಇಳಿದಿರಲಿಲ್ಲ. ತೆಂಗಿನ ಗರಿ ಹೆಣೆದ ಉದ್ದದ ಎಳೆಬಲೆ ಮರಳಿನಲ್ಲಿ ಸುರುಳಿ ಸುತ್ತಿ ಬಿದ್ದಿತ್ತು. ಒಬ್ಬರೂ ನೀರು ನೋಡುತ್ತಿರಲಿಲ್ಲ. ಗಂಡಸರು, ಹೆಂಗಸರು, ಮುದುಕರು, ಎಲ್ಲರೂ ಒಳಗಡಲಿಗೆ ಬೆನ್ನು ಮಾಡಿ, ದಿಬ್ಬದ ಮೇಲಿನ ಹೊಸ ಮಣ್ಣಿನ ಕಡೆ ಮುಖಮಾಡಿ ನಿಂತಿದ್ದರು. ತಾಯಂದಿರು ಮಕ್ಕಳ ತಲೆಗಳನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ಹೊಟ್ಟೆಗೆ ಒತ್ತಿಕೊಂಡಿದ್ದರು. ಅವರ ಹಿಂದೆ, ಹತ್ತು ಮಾರು ಆಚೆ, ನೀರು ಕುದಿಯುವ ಹಾಗೆ ಮೀನು ಹೊರಳುತ್ತಿತ್ತು. ಸದ್ದು ಕೇಳಿಸುತ್ತಿತ್ತು. ಒಂದೆರಡು ಹಾರಿ ಮರಳಿಗೇ ಬಿದ್ದು, ಪೌರಾಳ ಹಿಮ್ಮಡಿಯ ಬಳಿ ಪಟಪಟ ಬಡಿದುಕೊಂಡವು. ಪೌರಾ ಕಣ್ಣು ಮುಚ್ಚಿದಳು. ಒಂದು ಹೆಣ್ಣುಮಗು ಮಾತ್ರ ಬಗ್ಗಿ, ತನ್ನದೇ ಎರಡು ಕಾಲುಗಳ ನಡುವಿನಿಂದ ತಲೆಕೆಳಗಾಗಿ ನೋಡುತ್ತಿತ್ತು.

"ಇದೇನು?" ಎಂದಳು ರಾಣಿ. "ವೈತಾ, ಯಾರು ಹೇಳಿದ್ರು ಹೀಗೆ ನಿಲ್ಲೋದಕ್ಕೆ?"

"ಯಾರೂ ಇಲ್ಲ ತಾಯಿ. ನಾವೇ."

"ಕೋಲಿನ್ನೂ ನೆಟ್ಟಿಲ್ಲ."

"ನೆಟ್ಟಿಲ್ಲ. ಅದಕ್ಕೇ ಹೀಗೆ. ನೋಡ್ತಾ ನಿಂತ್ರೆ ಕೈ ಕೇಳಲ್ಲ. ನಮ್ಮ ಅರಸು ಮಣ್ಣಾದ ದಿನ ಜಗಳ ಬೇಡ ಅನ್ನಿಸ್ತು. ನೀವು ನೆಡಿ. ನಾವು ತಿರುಗಲ್ಲ."

"ನಾನು ಅವರ ರಕ್ತ ಅಲ್ಲ. ನಾನು ನೆಟ್ಟ ಕೋಲಿಗೆ ಬೆಲೆ ಇಲ್ಲ, ನಿಮಗೆ ಗೊತ್ತಿಲ್ವಾ?"

"ಗೊತ್ತು," ಎಂದ ವೈತಾ. "ಯಾರು ನೆಟ್ರೆ ಏನು? ನೆಟ್ಟಿದ್ದು ಅವರಿಗಲ್ವಾ?"

ರಾಣಿ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಕೆನ್ನೆಯ ಮೂಳೆ ಎದ್ದ ಮುಖಗಳು. ಅವಳಿಗೆ ಯಾಕೋ ಸಿಟ್ಟು ಬಂತು, ನಲವತ್ತು ವರ್ಷದ ಸಿಟ್ಟು, ಅದನ್ನು ಎಲ್ಲಿಡುವುದೆಂದು ತಿಳಿಯದೆ.

"ಅವತ್ತು ನಕ್ಕವರು ನೀವೇ ತಾನೆ?" ಎಂದಳು. "ಟೋಪಿಗೆ ಹಂದಿ ಕೊಟ್ಟಾಗ? ಕಿಟಕೀಲಿ ನಿಂತು?"

ಸಾಲಿನಲ್ಲಿ ಯಾರೋ ಕೆಮ್ಮಿದರು. ವೈತಾನ ಮುಖ ಸಾವಿನ ಮನೆಗೆ ತಕ್ಕದ್ದಲ್ಲದ ರೀತಿಯಲ್ಲಿ ಅಲುಗಾಡಿತು.

"ನಕ್ವಿ ತಾಯಿ. ಹಂದೀನ ಕಟ್ಟಿದ್ದೇ ನಾನು. ಬಾಗಿಲ ಕಂಬಕ್ಕೆ ಕಟ್ಟಕ್ಕೆ ಹೋದೆ. ಅರಸು, ಅಲ್ಲಲ್ಲ, ಕುರ್ಚಿಗೆ ಕಟ್ಟು ಅಂತ ಕಣ್ಣು ಹೊಡೆದ್ರು. ಆಮೇಲೂ ನಗದೆ ಇರು ಅಂದ್ರೆ ಹೇಗೆ ಇರ್ಲಿ?"

"ನಿಂಗೆ ಗೊತ್ತಿತ್ತಾ?"

"ಎಲ್ಲರಿಗೂ ಗೊತ್ತಿತ್ತು. ಯಾರಿಗೂ ಹೇಳ್ಬೇಡ್ರೋ, ಕಪ್ತಾನ ನೊಂದ್ಕೋತಾನೆ ಅಂದಿದ್ರು. ನಾವು ಹೇಳಲಿಲ್ಲ." ಅವನು ತಡೆದು, "ನಿಮಗೆ ಗೊತ್ತಿಲ್ಲ ಅಂದ್ಕೊಂಡಿದ್ವಿ," ಎಂದ.

ಹಿನರೌ ತನ್ನ ಊರುಗೋಲಿಗೆ ಆತು ನಿಂತು ಬೇರೆ ಕಡೆ ನೋಡುತ್ತಿದ್ದಳು. ಅವಳಿಗೂ ಗೊತ್ತಿತ್ತು ಎಂಬುದು ಅವಳ ಬೆನ್ನಿನಲ್ಲೇ ಕಾಣುತ್ತಿತ್ತು.

"ಇಳಿಸಿ ನನ್ನ," ಎಂದಳು ರಾಣಿ.

ಕುರ್ಚಿ ಇಳಿಯಿತು. ಅವಳು ಎದ್ದು, ಒಂದು ಕೈಯಲ್ಲಿ ಅತ್ತಿಗೆಯ ಭುಜ, ಇನ್ನೊಂದರಲ್ಲಿ ಕೋಲು ಹಿಡಿದು ಸಾಲಿನವರೆಗೆ ನಡೆದಳು. ಜನ ದಾರಿ ಬಿಟ್ಟರು, ತಿರುಗಲಿಲ್ಲ. ನೀರಿನ ಅಂಚಿನಲ್ಲಿ ಅವಳೊಬ್ಬಳೇ ಮೀನನ್ನು ನೋಡುತ್ತ ನಿಂತಳು. ಬಹಳ ಹೊತ್ತೇನೂ ಅಲ್ಲ. ಒಂದು ಅಲೆ ಬಂದು ಅಂಗಿಯ ಅಂಚು ನೆನೆಸಿ ಹೋಗುವಷ್ಟು. ಆಮೇಲೆ ಕೋಲಿನ ತುದಿಯಿಂದ ಗರಿಯ ಗಂಟನ್ನು ಬಿಚ್ಚಿದಳು. ಕೋಲನ್ನು ಮರಳಿಗೆ ಹಾಕಿದಳು. ಗರಿಯನ್ನು ತನ್ನ ಕೊರಳಿಗೆ ಸುತ್ತಿ, ಹಲ್ಲಿನಿಂದ ಒಂದು ತುದಿ ಹಿಡಿದು, ಗಂಟು ಹಾಕಿದಳು.

ಗರಿಯ ಗಂಟು ಎಲ್ಲಿ ಬಿತ್ತೋ ಅದು ಮುಚ್ಚಿತು ಎಂದು ಅರ್ಥ. ಮೊತುರಾದ ಮಕ್ಕಳಿಗೂ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲುಗಳ ನಡುವಿನಿಂದ ನೋಡುತ್ತಿದ್ದ ಹುಡುಗಿ ಎಲ್ಲರಿಗಿಂತ ಮೊದಲು ಕೂಗಿದಳು: "ಅಮ್ಮಾ, ರಾಣೀನೇ ಮುಚ್ಕೊಂಬಿಟ್ರು!"

"ವರ್ಷ ತಿರುಗೋವರೆಗೆ," ಎಂದಳು ತೆತುವಾ. "ಮೀನು, ಏಡಿ, ಚಿಪ್ಪು, ಯಾವುದೂ ಈ ಬಾಯಿಗಿಲ್ಲ. ಮುಚ್ಚೋದು ನನ್ನ ಗಂಡನಿಗೆ ಸಲ್ಲಬೇಕಾದದ್ದು, ಮುಚ್ಚಿದೆ. ಒಳಗಡಲು ತೆಗೆದಿದೆ. ವೈತಾ, ತಿರುಗು."

ವೈತಾ ತಿರುಗಲಿಲ್ಲ. "ತಾಯಿ, ನಿಮಗೆ ಅತುರೆ ಅಂದ್ರೆ..."

"ನಂಗೆ ಏನಿಷ್ಟ ಅಂತ ನಿನ್ನ ಕೇಳಿದ್ನಾ? ತಿರುಗೋ ಅಂದ್ರೆ ತಿರುಗು. ಇನ್ನೂ ನಿಂತಿದ್ರೆ ಅವು ನಿನ್ನ ಕಾಯ್ಕೊಂಡು ಕೂರ್ತಾವಾ?"

ವೈತಾ ತಿರುಗಿದ. ಸಾಲಿಗೆ ಸಾಲೇ ತಿರುಗಿತು. ಆಮೇಲೆ ಬೆಳಗ್ಗೆ ಅರ್ಧಕ್ಕೆ ನಿಂತಿದ್ದ ಕೂಗು ಇಡೀ ದ್ವೀಪದ ಗಂಟಲಿನಿಂದ ಎದ್ದಿತು. ಎಳೆಬಲೆ ಬಿಚ್ಚಿಕೊಂಡಿತು. ಕುರ್ಚಿ ಹೊರುವ ನಾಲ್ವರು ಅಪ್ಪಣೆಯನ್ನೂ ಕೇಳದೆ ನೀರಿಗೆ ಬಿದ್ದರು. ಉಪದೇಶಿ ಎಸೆಕಿಯ ಕಪ್ಪು ಕೋಟನ್ನು ಕಳಚಿ, ಮಡಿಸಿ, ಮಡಿಸಿದ್ದು ಸಾಲದೆಂದು ಬಿಸಾಡಿ ಓಡಿದ.

ಇಬ್ಬರು ಮುದುಕಿಯರು ಕವುಚಿ ಹಾಕಿದ ದೋಣಿಯ ಮೇಲೆ ಕೂತರು.

"ನೀನು ಬಾಯಿ ಕಟ್ಟಿದ್ರೆ ನಾನೂ ಕಟ್ಬೇಕಾ?" ಎಂದಳು ಹಿನರೌ. "ಈಗ್ಲೇ ಹೇಳ್ಬಿಡು."

"ಬೇಡ ಅತ್ತಿಗೆ. ನೀವು ತಿನ್ನಿ."

ಪೌರಾ ಓಡಿ ಬಂದು ಹಿನರೌಳ ಮಡಿಲಿಗೆ ಒಂದು ಮೀನನ್ನು ಹಾಕಿ ಓಡಿದಳು. ಹಿನರೌ ಅದನ್ನು ಉಗುರಿನಿಂದ ಸೀಳಿ, ಸಮುದ್ರದ ನೀರಿನಲ್ಲಿ ಅದ್ದಿ, ಇದ್ದ ನಾಲ್ಕು ಹಲ್ಲಿಗೆ ಕೆಲಸ ಕೊಟ್ಟಳು. ತೆತುವಾ ನೋಡಬಾರದೆಂದುಕೊಂಡು ನೋಡಿದಳು.

"ಹೇಗಿದೆ?"

ಹಿನರೌ ಅಗಿಯುತ್ತ ಸ್ವಲ್ಪ ಯೋಚಿಸಿದಳು. ಕಣ್ಣಲ್ಲಿ ನೀರಿತ್ತು. "ಏನೂ ಚೆನ್ನಾಗಿಲ್ಲ," ಎಂದಳು. "ಈ ವರ್ಷದ್ದು ಬರೀ ಮುಳ್ಳು."

ಅತುರೆ ಅಮಾವಾಸ್ಯೆಯವರೆಗೆ ನಿಂತು ಹೊರಟುಹೋಯಿತು. ಹೊಸ ದೀವಿಹಲಸು ಬರುವ ತನಕ ಊರು ಒಣಮೀನು ತಿಂದಿತು. ರಾಣಿ ಗೆಡ್ಡೆ ತಿಂದಳು.